ತುರ್ತು ಸಂದರ್ಭವನ್ನು ಹೊರತುಪಡಿಸಿ

ಸದನದ ಒಪ್ಪಿಗೆಯಿಲ್ಲದೆ ಯಾವ ಪ್ರಧಾನಿಯೂ ಹೊರದೇಶಕ್ಕೆ ಸೈನ್ಯ ಕಳಿಸುವಂತಿಲ್ಲ. ಸಂವಿಧಾನಕ್ಕೆ ಈ ಒಂದೇ ಸಾಲಿನ ಕಲಂ ಸೇರಿಸಬೇಕೆಂದು ಹಟ ಹಿಡಿದವಳು ಅವಳು, ಮೊದಲು ವಕೀಲೆಯಾಗಿದ್ದು ಈಗ ಸದನದ ಸದಸ್ಯೆಯಾದವಳು. ಬೆಳಗಿನಿಂದ ಸಮಿತಿಯಲ್ಲಿ ಅದರದ್ದೇ ಚರ್ಚೆ. ಮೇಜಿನ ಮೇಲೆ ಕಾಫಿ ಲೋಟಗಳು ಹೆಚ್ಚುತ್ತಿದ್ದವು. ‘ಸೈನ್ಯ’ ಅಂದರೆ ಎಷ್ಟು ಜನ ಎಂಬಲ್ಲೇ ಮಾತು ಗಾಣದೆತ್ತಿನಂತೆ ಸುತ್ತುತ್ತಿತ್ತು.

ಊಟದ ಬಿಡುವಿನಲ್ಲಿ ಅಕ್ಕನ ಫೋನ್ ಬಂತು. ಅಕ್ಕನ ಮಗ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ.

“ಅವನನ್ನ ಗಡಿಯಾಚೆ ಕಳಿಸಿಬಿಟ್ಟಿದಾರಂತೆ ಕಣೇ. ನಿನಗೆ ಗೊತ್ತಿತ್ತಾ?”

“ಇಲ್ಲ ಅಕ್ಕ. ಇಲ್ಲಿ ಯಾರೂ ಬಾಯೇ ಬಿಟ್ಟಿಲ್ಲ.”

“ಮತ್ತೆ ನೀವೆಲ್ಲ ಅಲ್ಲಿ ಕೂತು ಮಾಡ್ತಿರೋದಾದ್ರೂ ಏನು?”

ಸಭೆ ಮತ್ತೆ ಸೇರಿದೊಡನೆ ಅವಳು ಎದ್ದು ನಿಂತಳು. “ಮಂತ್ರಿಗಳೇ, ನಮ್ಮ ಸೈನಿಕರು ಈಗ ಗಡಿಯಾಚೆ ಇದಾರಾ, ಇಲ್ವಾ? ಅಷ್ಟು ಹೇಳಿ ಸಾಕು.”

ರಕ್ಷಣಾ ಮಂತ್ರಿ ಕನ್ನಡಕ ಒರೆಸಿಕೊಂಡರು. “ಅದು ಯುದ್ಧ ಅಲ್ಲಮ್ಮ. ಮಿತ್ರದೇಶದವರು ಕೇಳಿದ್ರು, ಸ್ವಲ್ಪ ಸಹಾಯ.”

“ಬಂದೂಕು ಹಿಡ್ಕೊಂಡು ಹೋಗೋ ಸಹಾಯನಾ?”

ಯಾರೋ ನಕ್ಕರು. ಅಧ್ಯಕ್ಷರು ಮೇಜು ಕುಟ್ಟಿದರು. “ಅದು ಇವತ್ತಿನ ಕಾರ್ಯಸೂಚಿಯಲ್ಲಿಲ್ಲ. ಕಲಂ ಬಗ್ಗೆ ಮಾತ್ರ ಮಾತಾಡಿ.”

“ಕಲಂ ಇರೋದೇ ಅದರ ಬಗ್ಗೆ, ಸ್ವಾಮಿ!”

ಗೋಡೆಗೆ ಹೇಳಿದಂತಾಯಿತು. ಸಂಜೆಯ ಹೊತ್ತಿಗೆ ಅವಳ ಪಕ್ಷದ ಹಿರಿಯರೇ ಒಂದು ರಾಜಿ ಸೂತ್ರ ತಂದರು: ಕಲಂ ಇರಲಿ, ‘ತುರ್ತು ಸಂದರ್ಭವನ್ನು ಹೊರತುಪಡಿಸಿ’ ಎಂದು ಸೇರಿಸೋಣ. ತುರ್ತು ಯಾವುದೆಂದು ತೀರ್ಮಾನಿಸುವವರು ಪ್ರಧಾನಿ.

“ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯ್ತಲ್ಲ!”

“ಏನೂ ಇಲ್ಲದೆ ಇರೋದಕ್ಕಿಂತ ವಾಸಿ. ಮೊಂಡು ಹಿಡೀಬೇಡ ತಾಯಿ,” ಎಂದರು ಹಿರಿಯರು.

ತಾನೇ ತಂದ ಕಲಮಿನ ವಿರುದ್ಧ ಅವಳೊಬ್ಬಳೇ ಕೈ ಎತ್ತಿದಳು. ಕಲಂ ಸಮಿತಿಯಲ್ಲಿ ಪಾಸಾಯಿತು; ಇನ್ನು ಸದನದ ಒಪ್ಪಿಗೆ ಬರೀ ಶಾಸ್ತ್ರ. ಬಾಗಿಲ ಬಳಿ ನಿಂತು ಎಲ್ಲರೂ ಅಭಿನಂದಿಸಿದ್ದು ಅವಳನ್ನೇ. ಮೈ ಉರಿದುಹೋಯಿತು.

ಅಲ್ಲಿಂದ ಸೀದಾ ಅಕ್ಕನ ಮನೆಗೆ ಹೋದಳು. ಟಿವಿಯಲ್ಲಿ ‘ಐತಿಹಾಸಿಕ ತಿದ್ದುಪಡಿ’ ಎಂದು ಹೇಳುತ್ತಿದ್ದರು.

“ಕಾನೂನು ಬಂತಲ್ಲ, ಇನ್ನು ಅವನನ್ನ ವಾಪಸ್ ಕರೆಸ್ತಾರಾ?” ಅಕ್ಕ ಕೇಳಿದಳು.

“ಇಲ್ಲ ಅಕ್ಕ. ಕಳಿಸಿದ್ದೇ ಸರಿ ಅನ್ನೋಕೆ ಅವರಿಗೊಂದು ದಾರಿ ಸಿಕ್ತು, ಅಷ್ಟೇ.”

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಟಿವಿ ಆರಿಸಿ ಬಂದು ಪಕ್ಕದಲ್ಲಿ ಕೂತಳು. “ಆ ಮಂತ್ರಿಗೆ ಫೋನ್ ಮಾಡು. ನಾನೇ ಮಾತಾಡ್ತೀನಿ.”

ಅವಳು ಮಾಡಿದಳು. ಸಾಹೇಬರು ಸಭೆಯಲ್ಲಿದ್ದಾರೆ ಎಂದು ಸಹಾಯಕ ಫೋನ್ ಇಟ್ಟುಬಿಟ್ಟ.

“ಇನ್ನೊಂದ್ಸಲ ಮಾಡು,” ಎಂದಳು ಅಕ್ಕ.