ಮೇಲಿನ ನೋಟಿನ ಕುಂಕುಮ

ದೇವರ ಗೂಡಿನ ಮುಂದೆ ಹಿತ್ತಾಳೆ ತಟ್ಟೆಯಲ್ಲಿದ್ದ ಮೂರು ಹಸಿರು ನೋಟುಗಳನ್ನು ಕಂಡದ್ದೇ ಹೂವಮ್ಮನಿಗೆ ಮೈಯೆಲ್ಲ ಉರಿಯಿತು. ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಹೊಸನಗರಕ್ಕೆ ಬಂದು, ತಂಗಿಯ ಮನೆಯ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು ಇನ್ನೂ ಕುಳಿತಿರಲಿಲ್ಲ. ಕೈಚೀಲ ಹಿಡಿದೇ ಕೇಳಿದಳು:

“ಇದೆಂತದೇ ಯಮುನಾ?”

“ಡಾಲರ್ ಅಕ್ಕ. ಗಿರಿಧರ ನಿನ್ನೆ ಕಳಿಸಿಕೊಟ್ಟ. ಮುನ್ನೂರು.”

ಮುನ್ನೂರು ಡಾಲರಿಗೆ ಎಷ್ಟು ಕೊಟ್ಟೆ ಎಂದು ಹೂವಮ್ಮ ಕೇಳಿದಳು. ಒಂದಕ್ಕೆ ತೊಂಬತ್ತೈದರಂತೆ ಇಪ್ಪತ್ತೆಂಟೂವರೆ ಸಾವಿರ ಎಂದು ಯಮುನಮ್ಮ ಹೇಳಿದಳು. ಹಿಂದಿನ ದಿನ ಬ್ಯಾಂಕಿನಲ್ಲಿ ದರ ಎಂಬತ್ತೆಂಟು ಇತ್ತು. ರಸೀದಿ ಎಲ್ಲಿ ಎಂದರೆ ರಸೀದಿ ಇಲ್ಲ. ಇದಕ್ಕಿಂತ ಹೆಚ್ಚಾಗಿ ಹೂವಮ್ಮನ ಕಣ್ಣು ಕುಕ್ಕಿದ್ದು ಮೇಲಿನ ನೋಟಿನ ಮೂಲೆಯಲ್ಲಿ ಒದ್ದೆ ಬೆರಳಿನಿಂದ ಒತ್ತಿದ್ದ ಕೆಂಪು ಬೊಟ್ಟು. ಮನೆಗೆ ಬಂದ ದುಡ್ಡನ್ನು ದೇವರ ಮುಂದಿಟ್ಟು ಮೇಲಿನ ನೋಟಿಗೆ ಕುಂಕುಮ ಹಚ್ಚುವುದು ಅವರ ತವರಿನಲ್ಲೂ ಇದ್ದ ಪದ್ಧತಿ. ಹೂವಮ್ಮ ತಾನೂ ಮೊದಲ ಸಂಬಳಕ್ಕೆ ಹಾಗೇ ಮಾಡಿದ್ದಳು. ಆದರೆ ಆ ಸಂಬಳವನ್ನು ಅವಳು ಖರ್ಚು ಮಾಡಿದ್ದು ಅರಳಸುರಳಿಯ ಅಂಗಡಿಯಲ್ಲಿ, ವಿಯೆಟ್ನಾಮಿನಲ್ಲಲ್ಲ.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಹೂವಮ್ಮನಿಗೆ ದುಡ್ಡು ದಂಡವಾಗುವುದನ್ನು ನೋಡಲಾಗುತ್ತಿರಲಿಲ್ಲ. ಸಾಗರದ ಗಿರಿಧರ ಕರೆದೊಯ್ಯುವ ವಿಯೆಟ್ನಾಮ್ ಟೂರಿಗೆ ತಂಗಿಯ ಜೊತೆ ಹೆಸರು ಕೊಟ್ಟ ದಿನದಿಂದ ಅವಳು ಮೂರು ಊರಿನ ಬ್ಯಾಂಕು ಸುತ್ತಿದ್ದಳು. ತೀರ್ಥಹಳ್ಳಿಯ ಬ್ಯಾಂಕಿನಲ್ಲಿ ಅವಳ ಹಳೆಯ ವಿದ್ಯಾರ್ಥಿನಿ ಸ್ಪಂದನಾ ಊಟದ ಡಬ್ಬಿ ಪಕ್ಕಕ್ಕಿಟ್ಟು ಅರ್ಧ ಗಂಟೆ ಕೂತು ಎಲ್ಲ ಬಿಡಿಸಿ ಹೇಳಿದ್ದಳು. ಪರದೇಶದ ದುಡ್ಡು ತುಂಬಿಸಿಕೊಡುವ ಫಾರೆಕ್ಸ್ ಕಾರ್ಡು ತಗೊಳ್ಳಿ. ಇಲ್ಲವೇ ಹೊರದೇಶದಲ್ಲಿ ಉಜ್ಜಿದರೂ ಹೆಚ್ಚುವರಿ ಶುಲ್ಕ ಹಾಕದ ಡೆಬಿಟ್ ಕಾರ್ಡು ಇದೆಯೇ ಕೇಳಿ. ಎಟಿಎಮ್ಮಿನಲ್ಲಿ ಸಾವಿರ ಸಾವಿರ ತೆಗೆಯುವುದಕ್ಕಿಂತ ಒಂದೇ ಸಲ ಹೆಚ್ಚು ತೆಗೆಯಿರಿ, ಪ್ರತಿ ಸಲಕ್ಕೂ ಅಲ್ಲಿಯವರು ಶುಲ್ಕ ಹಿಡಿಯುತ್ತಾರೆ. ವಿಮಾನ ನಿಲ್ದಾಣದ ಕಿಂಡಿಯಲ್ಲಿ ಬದಲಾಯಿಸಬೇಡಿ. ಅಂಗಡಿಯ ಮಿಷನ್ನು ರೂಪಾಯಿಯಲ್ಲಿ ಕೊಡ್ತೀರೋ ಅವರ ದುಡ್ಡಿನಲ್ಲೋ ಎಂದು ಕೇಳಿದರೆ ಅವರ ದುಡ್ಡು ಅನ್ನಿ. ರೂಪಾಯಿ ಕಂಡ ಕೂಡಲೇ ನಮ್ಮವರು ನಮ್ಮದೇ ಅಂತ ಅದನ್ನೇ ಒತ್ತುತ್ತಾರೆ, ಅಲ್ಲೇ ನೂರಕ್ಕೆ ನಾಲ್ಕೈದು ಹೋಗುತ್ತದೆ.

ಇದನ್ನೆಲ್ಲ ಹೂವಮ್ಮ ತಂಗಿಗೆ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಳು. ಯಮುನಮ್ಮ ಹೂಂ ಹೂಂ ಅಂದಿದ್ದಳು. ಆಮೇಲೆ ಗಿರಿಧರ ಫೋನು ಮಾಡಿ, ಅಲ್ಲಿ ನಮ್ಮ ಕಾರ್ಡು ನಡೆಯುವುದೇ ಇಲ್ಲ ಅಂದ. ಅದಕ್ಕೂ ಹೂಂ ಅಂದಿದ್ದಳು.

ಹೂವಮ್ಮ ಅಂಗಳಕ್ಕೆ ಹೋಗಿ ಸ್ಪಂದನಾಳಿಗೆ ಫೋನು ಮಾಡಿದಳು. ಡಾಲರ್ ನೋಟಿಗೆ ಬಣ್ಣ ತಾಗಿದ್ದರೆ, ಗೆರೆ ಎಳೆದಿದ್ದರೆ ಅಲ್ಲಿ ಮುಟ್ಟುವುದೂ ಇಲ್ಲ, ಇಲ್ಲಿ ಮಾರುವುದೂ ಕಷ್ಟ ಎಂದು ಸ್ಪಂದನಾ ನೊಂದುಕೊಂಡೇ ಹೇಳಿದಳು. ಕೊಟ್ಟವನ ಹತ್ತಿರವೇ ಹೋಗಿ, ಮೇಡಂ. ಅವನಿಗೆ ಡಾಲರ್ ಮಾರುವ ಲೈಸೆನ್ಸ್ ಇದೆಯಾ ಕೇಳಿ.

ಒಳಗೆ ಬಂದ ಹೂವಮ್ಮ ತಂಗಿಗೆ ಬಾಯಿಗೆ ಬಂದಂತೆ ಬೈದಳು. ಅರವತ್ತು ದಾಟಿದರೂ ಬುದ್ಧಿ ಬರಲಿಲ್ಲ, ಯಾರು ಏನು ಹೇಳಿದರೂ ತಲೆ ಆಡಿಸುತ್ತೀಯ, ನಿನ್ನ ದುಡ್ಡಿಗೆ ನೀನೇ ಶತ್ರು. ಯಮುನಮ್ಮ ಸೆರಗಿನಲ್ಲಿ ನೋಟು ಒರೆಸಲು ಹೋದಳು. ಬೊಟ್ಟು ಹೋಗಲಿಲ್ಲ, ಹರಡಿತು.

“ನಾ ಬರೂದಿಲ್ಲ ಬಿಡಕ್ಕ,” ಅಂದಳು ಕಡೆಗೆ. “ನೀ ಹೋಗಿ ಬಾ.”

ಅದನ್ನು ಕೇಳಿ ಹೂವಮ್ಮನ ಸಿಟ್ಟು ಕ್ಷಣ ತಡೆಯಿತು. ಹದಿನೆಂಟು ವರ್ಷ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಯಮುನಮ್ಮ ಕೂಡಿಸಿದ ದುಡ್ಡು ಅದು. ಗಂಡ ಇದ್ದಾಗ ಒಂದೇ ಒಂದು ಸಲ ಕಾಶಿಗೆ ಹೋಗಿದ್ದಳು. ಹೋಗಿ ಬಂದ ಮೇಲೆ ಅಕ್ಕನ ಹತ್ತಿರ ಗಂಗೆಯ ವಿಷಯ ಹೇಳಿದ್ದು ಕಡಿಮೆ. ಹತ್ತು ದಿನದಲ್ಲಿ ಒಂದು ಲೋಟ ಚಹಾಕ್ಕೂ ಅವರ ಮುಖ ನೋಡಿ ಕೈ ಚಾಚಬೇಕಾಯ್ತು ಕಣಕ್ಕ ಅಂದಿದ್ದಳು. ಈ ಸಲ ಯಾರನ್ನೂ ಕೇಳದೆ, ಏನು ಕಂಡರೆ ಅದನ್ನು, ತನ್ನ ಕೈಯಾರೆ ಕೊಳ್ಳಬೇಕು ಎಂಬುದೊಂದೇ ಅವಳಿಗಿದ್ದ ಆಸೆ.

“ಸೀರೆ ಉಟ್ಕ,” ಅಂದಳು ಹೂವಮ್ಮ. “ಪಾಸ್‌ಪೋರ್ಟೂ ತಗ. ಸಾಗರಕ್ಕೆ ಹೋಗೂದು.”

ಬಸ್ಸು ತುಂಬಿತ್ತು. ಬಟ್ಟೆಮಲ್ಲಪ್ಪದ ಹತ್ತಿರ ಕಂಡಕ್ಟರ್ ತನ್ನ ಸೀಟು ಬಿಟ್ಟು ಯಮುನಮ್ಮನನ್ನು ಕೂರಿಸಿ, ತಾನು ಬಾಗಿಲಿಗೆ ಒರಗಿ ನಿಂತ. ಸುಸ್ತಾಗಿದೆಯಾ ಅಮ್ಮ ಎಂದೂ ಕೇಳಿದ. ಬೇರೆ ದಿನವಾಗಿದ್ದರೆ ಹೂವಮ್ಮ ಅವನ ಊರು, ಮನೆ ಎಲ್ಲ ವಿಚಾರಿಸಿಕೊಂಡು ಒಳ್ಳೆಯದಾಗಲಿ ಅನ್ನುತ್ತಿದ್ದಳು. ಅವತ್ತು ತಲೆ ಮಾತ್ರ ಆಡಿಸಿದಳು.

ಗಿರಿಧರನ ಆಫೀಸಿನಲ್ಲಿ ಆನಂದಪುರದ ಪೂರ್ಣೇಶ್ ಎಂಬಾತ ತನ್ನ ತಾಯಿಯ ಜೊತೆ ಕೂತಿದ್ದ. ಅವರೂ ಅದೇ ಟೂರಿನವರು. ದುಡ್ಡು ಕೊಟ್ಟು ಡಾಲರಿನ ಲಕೋಟೆ ಆಗಷ್ಟೇ ಇಸಕೊಂಡಿದ್ದರು. ಗಿರಿಧರ ನಲವತ್ತರ ಆಸುಪಾಸಿನವನು, ಮಾತಿನಲ್ಲಿ ಬೆಣ್ಣೆ. ಟೀಚರ್ ಬಂದ್ರಾ ಎಂದು ಎದ್ದು ನಿಂತು ತಾನೇ ಕುರ್ಚಿ ಎಳೆದು ಹಾಕಿದ. ವಿಷಯ ಕೇಳಿದ ಮೇಲೆ ಮೂರೂ ನೋಟು ತೆಗೆದುಕೊಂಡು ಮೇಜಿನ ಮೇಲೆ ಇಸ್ಪೀಟಿನ ಎಲೆಯಂತೆ ಹರಡಿದ.

“ಅಮ್ಮಾ, ಎಂತ ಕೆಲಸ ಮಾಡಿದ್ರಿ? ಡಾಲರಿಗೆ ಯಾರಾದ್ರೂ ಪೂಜೆ ಮಾಡ್ತಾರಾ? ನೋಡಿ, ಮೂರಕ್ಕೂ ಬಣ್ಣ.” ನಕ್ಕ. “ಇದಿನ್ನು ದೇವರೇ ಖರ್ಚು ಮಾಡ್ಬೇಕು. ಆದ್ರೂ ನಮ್ಮ ಟೂರಿನವರು ನೀವು. ಐವತ್ತೈದರಂತೆ ವಾಪಸ್ ತಗೋತೀನಿ. ಅದೂ ನಂಗೆ ನಷ್ಟವೇ.”

ತೊಂಬತ್ತೈದಕ್ಕೆ ಕೊಟ್ಟು ಐವತ್ತೈದಕ್ಕೆ ವಾಪಸ್. ಹನ್ನೆರಡು ಸಾವಿರ ಒಂದೇ ರಾತ್ರಿಗೆ. ಹೂವಮ್ಮ ಬಾಯಿ ತೆರೆಯುವ ಮೊದಲು ಯಮುನಮ್ಮ ಮೆಲ್ಲಗೆ ಅಂದಳು:

“ನಾ ಹಚ್ಚಿದ್ದು ಮೇಲಿಂದಕ್ಕೆ ಒಂದಕ್ಕೇ.”

“ಎಂತ ಅಂದ್ರಿ?”

“ಮೇಲಿನ ನೋಟಿಗೆ ಮಾತ್ರ ಹಚ್ಚೂದು ನಾವು. ಕೆಳಗಿಂದನ್ನ ಮುಟ್ಟೇ ಇಲ್ಲ.”

ಹೂವಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ಒಂದರ ಮೇಲೆ ಅಂದಿನ ಕುಂಕುಮ, ಇನ್ನೂ ಹಸಿಯ ಬಣ್ಣ. ಉಳಿದೆರಡರ ಮೇಲೆ ಕುಂಕುಮವೇ ಅಲ್ಲ, ಅರಿಶಿನ. ಮಾಸಿ ಹಳದಿ ಕಲೆಯಾಗಿ ಮಡಿಕೆಯ ಗೆರೆಯೊಳಗೆ ಇಳಿದಿತ್ತು. ಬೇರೆ ಯಾರದೋ ಮನೆಯ ದೇವರ ಮುಂದೆ, ಬೇರೆ ಯಾರದೋ ಬೆರಳು ಒತ್ತಿದ ಕಲೆ. ಹೂವಮ್ಮನಿಗೆ ಲೆಕ್ಕ ಬಿಡಿಸಿಕೊಂಡಿತು. ಹಿಂದಿನ ಟೂರಿನವರು ಪೂಜೆ ಮಾಡಿ ಒಯ್ದ ನೋಟು ಅಲ್ಲಿ ನಡೆಯದೆ ವಾಪಸ್ ತಂದಿದ್ದಾರೆ. ಇವನು ಐವತ್ತೈದಕ್ಕೆ ಕೊಂಡು ಮುಂದಿನವರಿಗೆ ತೊಂಬತ್ತೈದಕ್ಕೆ ಮಾರಿದ್ದಾನೆ. ಅವರೂ ಮನೆಗೆ ಹೋಗಿ ಪೂಜೆ ಮಾಡುತ್ತಾರೆ, ತಪ್ಪು ತಮ್ಮದೇ ಎಂದು ನಾಚಿಕೊಂಡು ಮತ್ತೆ ಐವತ್ತೈದಕ್ಕೆ ಕೊಟ್ಟು ಹೋಗುತ್ತಾರೆ. ನಮ್ಮ ಜನರ ಭಕ್ತಿಯನ್ನೇ ಇವನು ಬಂಡವಾಳ ಮಾಡಿಕೊಂಡಿದ್ದಾನೆ.

“ಸ್ವಲ್ಪ ಒಳಗೆ ಬನ್ನಿ ಟೀಚರ್,” ಅಂದ ಗಿರಿಧರ. ಅವನ ನಗು ಹೋಗಿತ್ತು.

ಒಳಗಿನ ಸಣ್ಣ ಕೋಣೆಯಲ್ಲಿ ಅವನು ದನಿ ತಗ್ಗಿಸಿ ಮಾತಾಡಿದ. ಇಪ್ಪತ್ತೆಂಟೂವರೆ ಸಾವಿರವನ್ನೂ ಈಗಲೇ ಕೊಡುತ್ತೇನೆ, ಒಂದು ರೂಪಾಯಿ ಹಿಡಿಯುವುದಿಲ್ಲ. ಹೊರಗೆ ಮಾತ್ರ ಈ ವಿಷಯ ಆಡಬೇಡಿ, ಉಳಿದವರಿಗೆ ಆಮೇಲೆ ನಾನೇ ಸರಿಮಾಡುತ್ತೇನೆ. ಹೂವಮ್ಮನ ನಾಲಗೆ ತುದಿಯವರೆಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ತಂಗಿಯ ದುಡ್ಡು ಪೂರ್ತಿ ಕೈಗೆ ಬರುತ್ತದೆ. ಇವನ ಜೊತೆ ಆರು ದಿನ ಪರದೇಶದಲ್ಲಿ ಇರಬೇಕು ಬೇರೆ. ಅವಳು ತಲೆಯಾಡಿಸಿದಳು. ಹೌದು, ತಂಗಿ ತಲೆಯಾಡಿಸುತ್ತಾಳೆ ಎಂದು ಬೆಳಿಗ್ಗೆಯಿಂದ ಬೈದವಳೇ ತಲೆಯಾಡಿಸಿದಳು.

ಹೊರಗೆ ಬಂದಾಗ ಯಮುನಮ್ಮ ಪೂರ್ಣೇಶನ ತಾಯಿಯ ಪಕ್ಕದ ಕುರ್ಚಿಗೆ ಸರಿದಿದ್ದಳು. ಆ ಅಮ್ಮ ತನ್ನ ನೀರಿನ ಬಾಟಲಿ ಕೊಟ್ಟಿದ್ದರು, ಕುಡಿದು ಮುಚ್ಚಳ ಹಾಕುತ್ತಿದ್ದಳು. ಗಿರಿಧರ ಡ್ರಾ ಎಳೆದು ಐನೂರರ ಕಟ್ಟು ತೆಗೆದ. ಎಲ್ಲ ಸರಿಯಾಯ್ತು ಅಮ್ಮ, ಟೀಚರ್ ಜೊತೆ ಮಾತಾಡಿದೀನಿ ಅಂದ.

ಯಮುನಮ್ಮ ಅಕ್ಕನ ಮುಖ ನೋಡಿದಳು. ಬಾಟಲಿ ನೋಡಿದಳು. ಆಮೇಲೆ ಪೂರ್ಣೇಶನ ಕಡೆ ತಿರುಗಿದಳು.

“ತಮ್ಮಾ, ಆ ಲಕೋಟೆ ಇಲ್ಲೇ ಬಿಚ್ಚಿ ನೋಡು. ಮನೆಗೆ ಹೋಗಿ ನೋಡ್ಬೇಡ.”

ಪೂರ್ಣೇಶ್ ಬಿಚ್ಚಿದ. ನಾಲ್ಕು ನೋಟು ಚೆನ್ನಾಗಿದ್ದವು. ಐದನೆಯದರ ಮೂಲೆಯಲ್ಲಿ ಒಣಗಿದ ಗಂಧದ ಗುರುತಿತ್ತು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಗಿರಿಧರಣ್ಣ, ಇದಕ್ಕೆ ನಾವಿನ್ನೂ ಪೂಜೆನೇ ಮಾಡಿಲ್ಲಲ್ಲ ಮಾರಾಯ?”

ಗಿರಿಧರನ ಬೆಣ್ಣೆ ಕರಗಿ ಹೋಯಿತು. ಉಪಕಾರ ಮಾಡಲು ಹೋದರೆ ಹೀಗೆ, ನಿಮ್ಮಂಥ ಹಳ್ಳಿಯವರನ್ನು ಕಟ್ಟಿಕೊಂಡು ಹೋಗುವುದೇ ತಪ್ಪು, ಬೇಕಾದರೆ ಟೂರು ಬಿಡಿ, ಕಟ್ಟಿದ ದುಡ್ಡು ವಾಪಸ್ ಕೇಳಬೇಡಿ ಎಂದೆಲ್ಲ ಕೂಗಾಡಿದ. ಹೂವಮ್ಮನಿಗೆ ಅವನ ಮೇಲಿನ ಸಿಟ್ಟಿಗಿಂತ ಒಳಗಿನ ಕೋಣೆಯಲ್ಲಿ ಆಡಿಸಿದ ತನ್ನ ತಲೆಯ ಮೇಲೆ ಸಿಟ್ಟು ಹೆಚ್ಚಾಯಿತು. ಆ ಸಿಟ್ಟಿನಲ್ಲೇ ಅವಳು ಮೇಜಿಗೆ ಕೈಯೂರಿ, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಕೇಳಿದಳು:

“ಡಾಲರ್ ಮಾರೂಕೆ ಲೈಸೆನ್ಸ್ ಎಲ್ಲಿದೆ? ಗೋಡೆ ಮೇಲೆ ಕಾಣ್ತಿಲ್ಲ.”

ಪಕ್ಕದ ಜೆರಾಕ್ಸ್ ಅಂಗಡಿಯವನು ಬಂದು ಬಾಗಿಲಲ್ಲಿ ನಿಂತ. ಅವನ ಹಿಂದೆ ಇನ್ನಿಬ್ಬರು. ಗಿರಿಧರ ಮತ್ತೆ ಡ್ರಾ ಎಳೆದ. ಪೂರ್ಣೇಶನ ದುಡ್ಡನ್ನೂ ಯಮುನಮ್ಮನ ದುಡ್ಡನ್ನೂ ಮೇಜಿನ ಮೇಲೆ ಒಗೆದ. ಒಂದು ನೋಟು ನೆಲಕ್ಕೆ ಬಿತ್ತು. ಪೂರ್ಣೇಶ್ ಬಗ್ಗುವ ಮೊದಲೇ ಯಮುನಮ್ಮ ತಡೆದಳು.

“ಬಿದ್ದಿದ್ದನ್ನ ಅವನೇ ಎತ್ತಿ ಕೊಡ್ಲಿ.”

ಗಿರಿಧರ ಎತ್ತಿ ಕೊಟ್ಟ. ಟೂರಿಗೆ ಬರ್ತೀರೋ ಇಲ್ವೋ ಅದನ್ನಾದರೂ ಹೇಳಿ ಎಂದು ಗೊಣಗಿದ. ಬರದೆ ಎಂತ, ವಿಮಾನಕ್ಕೂ ರೂಮಿಗೂ ದುಡ್ಡು ಕಟ್ಟಿದೀನಿ, ನಿನ್ನ ಮುಖ ನೋಡೂಕೆ ಬರೂದಲ್ಲ ಎಂದಳು ಯಮುನಮ್ಮ.

ಸಾಗರದ ಬ್ಯಾಂಕು ಮುಚ್ಚಲು ಇನ್ನೂ ಹೊತ್ತಿತ್ತು, ಫಾರೆಕ್ಸ್ ಕಾರ್ಡು ಮಾಡಿಸಲು ಇಬ್ಬರೂ ಅತ್ತ ಹೊರಟರು. ದಾರಿಯುದ್ದಕ್ಕೂ ಹೂವಮ್ಮ ಗಿರಿಧರನನ್ನು ಬೈಯುತ್ತ ನಡೆದಳು. ದೂರು ಕೊಡಬೇಕು, ಹಿಂದಿನ ಟೂರಿನವರನ್ನೆಲ್ಲ ಹುಡುಕಬೇಕು. ಕೌಂಟರಿನ ಮುಂದೆ ಕೂತ ಮೇಲೆ, ತಂಗಿಯ ಪಾಸ್‌ಪೋರ್ಟು ಕೈಯಲ್ಲಿ ಹಿಡಿದುಕೊಂಡು ಹೂವಮ್ಮ ಹೇಳಿದಳು, ಎರಡೆರಡು ಕಾರ್ಡು ಯಾಕೆ, ಎರಡೆರಡು ಶುಲ್ಕ. ನಿನ್ನದನ್ನೂ ನನ್ನ ಕಾರ್ಡಿಗೇ ಹಾಕಿಸೋಣ, ಅದೇ ಅಗ್ಗ. ಅಲ್ಲಿ ನಿನಗೆ ಏನು ಬೇಕೋ ಕೇಳು, ನಾನು ಕೊಡ್ತೀನಿ.

ಯಮುನಮ್ಮ ತನ್ನ ಪಾಸ್‌ಪೋರ್ಟನ್ನು ಅಕ್ಕನ ಕೈಯಿಂದ ಎಳೆದುಕೊಂಡಳು. ಬೆಳಿಗ್ಗೆಯಿಂದ ಬೈಸಿಕೊಂಡಿದ್ದೆಲ್ಲ ಆ ಒಂದು ಎಳೆತದಲ್ಲಿತ್ತು.

“ಕೇಳೂಕೆ ನಾ ಹೋಗ್ತಿಲ್ಲ ಅಕ್ಕ.”

ಕೌಂಟರಿನಾಕೆ ಇಬ್ಬರ ಮುಖವನ್ನೂ ನೋಡಿ, ಎರಡನೆಯ ಅರ್ಜಿ ತೆಗೆದು ಯಮುನಮ್ಮನ ಮುಂದಿಟ್ಟು, ಸಹಿ ಮಾಡುವ ಜಾಗಕ್ಕೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿಕೊಟ್ಟಳು. ಹೂವಮ್ಮ ತನ್ನ ಪೆನ್ನು ಚಾಚಿದಳು. ಯಮುನಮ್ಮ ಅದನ್ನು ತೆಗೆದುಕೊಳ್ಳಲಿಲ್ಲ. ಕೌಂಟರಿಗೆ ದಾರದಲ್ಲಿ ಕಟ್ಟಿದ್ದ ಪೆನ್ನನ್ನೇ ಎಳೆದುಕೊಂಡು, ಕಾಗದ ಹರಿಯುವಷ್ಟು ಒತ್ತಿ ಹೆಸರು ಬರೆದಳು.