ಟೆಂಟಿನ ನಾಲ್ಕನೇ ಜಾಗ

ಅಪ್ಪ ಹೋಗಿ ವರ್ಷ ತುಂಬಿದ ಮೇಲೆ ಅವರ ಟೆಂಟು ಅಟ್ಟದಿಂದ ಇಳಿಯಿತು. ತಮ್ಮ ಅದನ್ನು ತಾರಸಿಯ ಮೇಲೆ ಬಿಚ್ಚಿ ಹರಡಿದಾಗ ಎದ್ದ ಮುಗ್ಗಲು ವಾಸನೆಗೆ ಅವನ ಹೆಂಡತಿ ಮೂಗು ಮುಚ್ಚಿಕೊಂಡಳು. "ಅತ್ತಿಗೆ, ಇದು ಟೆಂಟಾ, ಇಲಿಗಳ ಛತ್ರಾನಾ?"

ಅತ್ತಿಗೆ ಎನಿಸಿಕೊಂಡವಳು ತಮ್ಮನಿಗೆ ಅಕ್ಕ, ತನ್ನ ಬೀದಿಗೆಲ್ಲ ಟೈಲರಕ್ಕ. ಜಿಪ್ಪು ಬದಲಿಸಿ, ಪ್ಯಾಂಟು ಗಿಡ್ಡ ಮಾಡಿಕೊಡುವ ಅಂಗಡಿ. ಅದರ ಹಿಂದಿನ ಒಂದೇ ಕೋಣೆಯಲ್ಲಿ ಒಬ್ಬಳೇ ವಾಸ. ಟೆಂಟು ಹೊಲಿಯಲು ಮೂರು ಭಾನುವಾರ ತಮ್ಮನ ಮನೆಗೆ ಬಂದಳು. ದಪ್ಪ ಬಟ್ಟೆಗೆ ಮಷೀನಿನ ಸೂಜಿ ಮುರಿದುಹೋಯಿತು. ದಬ್ಬಳ ಹಿಡಿದು, ದಾರಕ್ಕೆ ಮೇಣ ಸವರಿ, ಹರಿದಲ್ಲೆಲ್ಲ ತೇಪೆ ಹಾಕಿದಳು. ತಮ್ಮ ಕೋಲುಗಳ ತುಕ್ಕು ಉಜ್ಜಿದ. ಅವನ ಹೆಂಡತಿಯೂ ಮಗಳೂ ಬೂಷ್ಟು ತೊಳೆದರು. ಹೀಗೆ ನಾಲ್ಕು ಜನರ ನಡುವೆ ಕೂತು ಹರಟಿ ಎಷ್ಟು ಕಾಲವಾಗಿತ್ತೋ. ಬೇಕೆಂದೇ ಹೊಲಿಗೆ ನಿಧಾನ ಮಾಡಿದಳು.

ಮೂರನೆಯ ಭಾನುವಾರದ ನಂತರದ ಶನಿವಾರ ಅವರು ಕೆರೆಯಂಚಿನಲ್ಲಿ ಒಂದು ರಾತ್ರಿ ತಂಗಲು ಹೊರಡುವವರಿದ್ದರು. ಅವರು ಮೂವರು, ಟೆಂಟಿನಲ್ಲಿ ನಾಲ್ವರು ಮಲಗಬಹುದು. ಇದು ಅವರಿಗೂ ಹೊಳೆಯದಿರುತ್ತದೆಯೇ? ತಾನಾಗಿ ಕೇಳಲು ನಾಲಿಗೆ ಏಳಲಿಲ್ಲ.

ಯಾವ ಕೋಲು ಎಲ್ಲಿಗೆ ಎನ್ನುವುದು ಅವಳೊಬ್ಬಳಿಗೇ ನೆನಪಿತ್ತು. ಮಳೆನೀರು ಒಂದೇ ಕಡೆ ಇಳಿಯಲೆಂದು ಅಪ್ಪ ಒಂದು ಬದಿಯ ಕೋಲುಗಳನ್ನು ಗೇಣುದ್ದ ಹೆಚ್ಚಿಗೆ ಮಾಡಿಸಿದ್ದರು.

"ಎಡ, ಬಲ ಅಂತ ಬರೆದ್ಬಿಡು ಅಕ್ಕ," ಎಂದ ತಮ್ಮ. ಕೋಲುಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದಳು.

ಮೂರನೆಯ ಭಾನುವಾರ ಆ ಗುರುತು ನೋಡಿ ನಿಲ್ಲಿಸಿದರೆ, ಟೆಂಟು ಒಂದು ಕಡೆ ಹರಿಯುವಂತೆ ಬಿಗಿದು, ಇನ್ನೊಂದು ಕಡೆ ಜೋತುಬಿತ್ತು.

"ಕುಡಿದವನ ಹಾಗೆ ನಿಂತಿದೆಯಲ್ರೀ!" ಅವನ ಹೆಂಡತಿ ನಕ್ಕಳು.

ತಮ್ಮ ಟೆಂಟಿನ ಬಾಗಿಲಿಗೆ ಎದುರಾಗಿ ನಿಂತು ನೋಡಿ ಹಣೆ ಚಚ್ಚಿಕೊಂಡ. "ಅಯ್ಯೋ ಅಕ್ಕ! ಒಳಗೆ ನಿಂತು ಬಾಗಿಲ ಕಡೆ ನೋಡೋರ ಎಡ-ಬಲ ಬರೆದಿದ್ದೀಯ ಕಣೇ!"

ನಿಜ. ಚಿಕ್ಕಂದಿನಲ್ಲಿ ಉಳಿದವರೆಲ್ಲ ಹೊರಗೆ ಹಗ್ಗ ಬಿಗಿಯುವಾಗ ಇವಳು ಒಳಗೆ ನಡುಗಂಬ ಹಿಡಿದು ನಿಂತಿರುತ್ತಿದ್ದಳು. ಟೆಂಟಿನ ಹಸಿರು ಬಟ್ಟೆಯ ಮಬ್ಬಿನಲ್ಲಿ ಅವರ ನಗು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ಎಡ-ಬಲ ಅದೊಂದೇ.

"ಇದು ನಮ್ಮ ಕೈಲಾಗೋ ಕೆಲ್ಸ ಅಲ್ಲ. ಶನಿವಾರ ನೀನೂ ಬಂದ್ಬಿಡು," ಎಂದ ತಮ್ಮ.

ಅವಳು ತಟ್ಟನೆ ತಲೆಯೆತ್ತಿದಳು. "ನಾನಾ?"

"ಹೂಂ. ಟೆಂಟ್ ನಿಲ್ಲಿಸಿ ಕೊಟ್ಬಿಡು. ಸಂಜೆ ಬಸ್ಸಿಗೆ ನಾನೇ ಹತ್ತಿಸ್ತೀನಿ."

"ಒಂದು ಮೂಲೆಗೆ ಸಾಮಾನು ಇಡಬೇಕಲ್ಲ ಅತ್ತಿಗೆ. ಇಲ್ಲಾಂದ್ರೆ ನೀವೂ ಇರಿ ಅಂತಿದ್ದೆ," ಎಂದಳು ಅವನ ಹೆಂಡತಿ, ಒಳ್ಳೆಯ ಮನಸ್ಸಿನಿಂದಲೇ.

ಗುರುತು ಹಾಗೇ ಬಿಟ್ಟರೆ ಅರ್ಧ ದಿನವಾದರೂ ಅವರ ಜೊತೆಗಿರಬಹುದು. ಮುಂದಿನ ಸಲವೂ ಕರೆದಾರು. ಟೆಂಟು ನಿಲ್ಲಿಸಲು. ಅವಳು ಕೈಗಂಟಿದ ಮೇಣವನ್ನು ಉಗುರಿನಿಂದ ಕೆರೆದು ತೆಗೆದಳು.

"ಶನಿವಾರ ಅಂಗಡಿ ಬಿಡೋಕಾಗಲ್ಲ ಕಣೋ. ಬ್ರಷ್ ಕೊಡು ಇಲ್ಲಿ."

ಹಳೆಯದನ್ನು ಅಳಿಸಿ, ಎಡ ಇದ್ದಲ್ಲಿ ಬಲ, ಬಲ ಇದ್ದಲ್ಲಿ ಎಡ ಬರೆದಳು. ಯಾರೂ ತಪ್ಪದ ಹಾಗೆ, ದೊಡ್ಡ ಅಕ್ಷರದಲ್ಲಿ.

ತಮ್ಮ ಎಲ್ಲ ಕಳಚಿ, ಅವಳನ್ನು ಒಂದು ಮಾತೂ ಕೇಳದೆ ಮತ್ತೆ ನಿಲ್ಲಿಸಿದ. ಟೆಂಟು ನೆಟ್ಟಗೆ ನಿಂತಿತು. "ಇನ್ನು ನಿಂಗೆ ತೊಂದ್ರೆ ಇಲ್ಲ ಬಿಡು ಅಕ್ಕ," ಎಂದ ಖುಷಿಯಿಂದ.

"ಇಲ್ಲ," ಎಂದು ಮೆಟ್ಟಿಲಿಳಿದಳು. ಬೀದಿಯಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ಭಾನುವಾರದ ಉಳಿದ ಹೊತ್ತನ್ನು ಏನು ಮಾಡುವುದೆಂದು ಅವಳಿಗೆ ಹೊಳೆಯಲಿಲ್ಲ.