ನಾಲ್ಕೂ ಬದಿ ಹೊಲಿದ ಜೇಬು

ಆ ಹೊಲಿಗೆ ಘಟಕದಲ್ಲಿ ಯಾರೂ ಪೂರ್ತಿ ಅಂಗಿ ಹೊಲಿಯುವುದಿಲ್ಲ. ಒಬ್ಬಳು ತೋಳು, ಒಬ್ಬಳು ಕಾಲರ್, ಒಬ್ಬಳು ಜೇಬು. ಕರೆಯುವುದೂ ಹಾಗೆಯೇ: ತೋಳಮ್ಮ, ಕಾಲರಕ್ಕ, ಜೇಬಿ.

ಜೇಬಿ ಬಂದು ಎಂಟು ತಿಂಗಳಾಗಿತ್ತು. ತನ್ನ ದೇಶದಲ್ಲಿ ಯುದ್ಧ ಶುರುವಾದಾಗ ಅತ್ತೆ ಮತ್ತು ಮೈದುನನ ಜೊತೆ ಗಡಿ ದಾಟಿ ಬಂದವಳು. ಗಂಡ ದಾರಿಯಲ್ಲೇ ಹಿಂದೆ ಉಳಿದ; ಇನ್ನೂ ಸುದ್ದಿಯಿಲ್ಲ. ಈ ಊರಿನ ಭಾಷೆ ಅವಳಿಗೆ ಕೆಲಸಕ್ಕೆ ಬೇಕಾದಷ್ಟೇ ಬರುತ್ತಿತ್ತು. ಆದರೆ ಕೈ ಅಂದರೆ ಕೈ. ಪಟ್ಟಿ ಹಿಡಿಯದೆ ಕಣ್ಣಳತೆಯಲ್ಲೇ ಜೇಬು ನೆಟ್ಟಗೆ ಕೂರಿಸುತ್ತಿದ್ದಳು.

ಅಂಥವಳು ಒಂದು ಬೆಳಿಗ್ಗೆ ಹನ್ನೊಂದು ಅಂಗಿಗಳ ಜೇಬನ್ನು ಮೂರು ಬದಿ ಹೊಲಿದು ನಿಲ್ಲಿಸದೆ ನಾಲ್ಕನೆಯ ಬದಿಯನ್ನೂ ಹೊಲಿದುಬಿಟ್ಟಳು. ಜೇಬಿನ ಬಾಯಿಯೇ ಬಂದ್.

ಮೇಸ್ತ್ರಿ ಒಂದು ಅಂಗಿ ಎತ್ತಿ ಬೆರಳು ತೂರಿಸಲು ನೋಡಿದ. "ಏನಮ್ಮಾ ಇದು? ಗಾಳಿ ಸಹ ಹೋಗಲ್ವಲ್ಲ ಇದರೊಳಗೆ."

ಎಲ್ಲರೂ ನಕ್ಕರು. ಜೇಬಿ ಮಾತ್ರ ಆ ಅಂಗಿಯನ್ನು ಬೇರೆ ಯಾರೋ ಹೊಲಿದದ್ದೇನೋ ಎಂಬಂತೆ ನೋಡುತ್ತಿದ್ದಳು.

"ಇದು ಮೂರನೇ ಸಲ," ಮೇಸ್ತ್ರಿ ದನಿ ತಗ್ಗಿಸಿದ. "ಕೆಲಸ ಬಲ್ಲವಳು ಅಂತ ಸುಮ್ಮನಿದ್ದೆ. ಇನ್ನೊಂದು ತಿಂಗಳು ನೋಡ್ತೀನಿ. ಆಮೇಲೆ ಬೇರೆಯವರನ್ನ ಕೂರಿಸಬೇಕಾಗುತ್ತೆ."

ಪಕ್ಕದ ಮಿಷನ್ನಿನ ಕಾಲರಕ್ಕ ಅದನ್ನು ತಮ್ಮ ಭಾಷೆಯಲ್ಲಿ ಹೇಳಿದಳು. ಅವಳೂ ಅದೇ ದೇಶದವಳು, ನಾಲ್ಕು ವರ್ಷ ಮೊದಲೇ ಬಂದವಳು. ಊಟದ ಹೊತ್ತಿಗೆ ಜೇಬಿಯನ್ನು ಬಟ್ಟೆ ಮೂಟೆಗಳ ಹಿಂದೆ ಕೂರಿಸಿಕೊಂಡಳು.

"ಆಸ್ಪತ್ರೆಗೆ ಹೋಗಿದ್ದೆಯಲ್ಲ, ಏನಂದ್ರು?"

"ಎದೆಗೆ ತಂತಿ ಅಂಟಿಸಿ ನೋಡಿದ್ರು ಅಕ್ಕಾ. ಏನೂ ಇಲ್ವಂತೆ."

"ನೀನು ಏನಂತ ಹೇಳಿದೆ?"

"ಎದೆ ಮೇಲೆ ಯಾರೋ ಕೂತ ಹಾಗಿದೆ, ನಿದ್ದೆ ಇಲ್ಲ, ಕೈ ತನ್ನಷ್ಟಕ್ಕೆ ಓಡುತ್ತೆ ಅಂದೆ."

"ಅದನ್ನ ಡಾಕ್ಟ್ರಿಗೆ ಹೇಳಿದ್ದು ಯಾರು?"

"ಮೈದುನ. ಎದೆ ನೋವು ಅಂದ. ಅಷ್ಟೇ ಭಾಷೆ ಗೊತ್ತು ಪಾಪ."

"ಎರಡೇ ಪದಕ್ಕೆ ಮುಗಿಸಿದ್ನಾ?" ಕಾಲರಕ್ಕ ತಲೆ ಅಲ್ಲಾಡಿಸಿದಳು. "ಸರಿ, ಅವನಿಗೆ ಚೆನ್ನಾಗಿ ಭಾಷೆ ಬಂದಿದ್ರೆ ಎಲ್ಲಾ ಹೇಳ್ತಿದ್ದೆಯಾ?"

ಜೇಬಿ ಡಬ್ಬಿಯ ಮುಚ್ಚಳ ಹಾಕಿದಳು. "ಅವನ ಮುಂದೆ ಹೇಗೆ ಹೇಳ್ಲಿ? ಅದು ಅವನ ಅಣ್ಣನ ವಿಷಯ."

ಆ ಸಂಜೆಯೇ ಕಾಲರಕ್ಕ ಆರೋಗ್ಯ ಕಾರ್ಯಕರ್ತೆಯನ್ನು ಜೇಬಿಯ ಮನೆಗೆ ಕರೆತಂದಳು. ಹೆಗಲ ಮೇಲೆ ಸದಾ ಮೂಟೆಯಂಥ ಚೀಲ, ಅದಕ್ಕೇ ಬೀದಿಯವರಿಗೆಲ್ಲ ಅವಳು ಚೀಲದಕ್ಕ. ಮೂರನೇ ಮಹಡಿಯ ಒಂದೇ ಕೋಣೆ. ಅತ್ತೆ ಒಗೆದ ಬಟ್ಟೆ ಮಡಚುತ್ತಿದ್ದರು. ಮನಸ್ಸಿನ ಡಾಕ್ಟರಿಗೆ ತೋರಿಸೋಣ ಎಂದು ಚೀಲದಕ್ಕ ಹೇಳಿದ್ದನ್ನು ಕಾಲರಕ್ಕ ತಮ್ಮ ಭಾಷೆಗೆ ತಿರುಗಿಸಿದಳು.

"ಮನಸ್ಸಿನ ಡಾಕ್ಟ್ರಾ? ನನ್ನ ಸೊಸೆಗೆ ಹುಚ್ಚು ಅಂತೀರಾ?"

"ಯಾರಂದ್ರು ಅಮ್ಮಾ? ಮಂಡಿ ನೋವು ಅಂತ ನೀವು ಬರ್ತೀರಲ್ಲ, ನಿಮ್ಮನ್ನ ಕುಂಟಿ ಅಂತೀವಾ?"

"ಅನ್ನಿ ನೋಡೋಣ."

ಚೀಲದಕ್ಕ ನಕ್ಕು ಚೀಲ ಕೆಳಗಿಟ್ಟಳು. ಅತ್ತೆ ನಗಲಿಲ್ಲ. "ಇದ್ದಬದ್ದದ್ದೆಲ್ಲ ಬಿಟ್ಟು ಬಂದವರಿಗೆ ಎದೆ ಭಾರ ಇರದೆ ಹಗುರ ಇರುತ್ತಾ? ನನಗೂ ಇದೆ. ಯಾರ ಹತ್ರ ಹೇಳ್ಕೊಂಡೆ? ಅಲ್ಲಾ, ಆಸ್ಪತ್ರೇಲಿ ಹುಚ್ಚಿ ಅಂತ ಬರೆದು, ಆ ಫೈಲು ಕಾಗದದ ಆಫೀಸಿಗೆ ಹೋದ್ರೆ? ಇಲ್ಲಿರೋಕೆ ಕೊಟ್ಟಿರೋ ಕಾಗದ ಕಿತ್ಕೊಂಡ್ರೆ?"

"ಕೇಳಬೇಕಾದ ಮಾತೇ ಕೇಳಿದ್ರಿ. ನಮ್ಮ ಆಸ್ಪತ್ರೆ ಫೈಲು ಅಲ್ಲಿಗೆ ಹೋಗಲ್ಲ. ನಾನು ಹೇಳಿದೆ ಅಂತ ನಂಬಬೇಡಿ. ಒಳಗೆ ಹೋದ ತಕ್ಷಣ ಮೊದಲು ಅದನ್ನೇ ಕೇಳಿ. ಇನ್ನೊಂದು, ಮೈದುನನ್ನ ಕರ್ಕೊಂಡು ಹೋಗಬೇಡಿ. ಮನೆಯವರಲ್ಲದ ದುಭಾಷಿ ಬೇಕು, ಹೆಂಗಸೇ ಬೇಕು ಅಂತ ಮುಂಚೆ ಹೇಳಿದ್ರೆ ಕರೆಸ್ತಾರೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ."

ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ಮೈದುನ ತಲೆ ಎತ್ತಿದ. "ಒಳ್ಳೇದಾಯ್ತು. ಆವತ್ತು ಅತ್ತಿಗೆ ಹೇಳಿದ್ದರಲ್ಲಿ ಅರ್ಧ ನನಗೆ ಹೇಳೋಕೆ ಬರಲಿಲ್ಲ. ಇನ್ನರ್ಧ ಕೇಳೋಕೆ ಆಗಲಿಲ್ಲ."

"ದುಭಾಷಿ ಅಂದ್ರೆ ನಮ್ಮ ಕಡೆಯವಳೇ ತಾನೆ?" ಅತ್ತೆ ಬಿಡಲಿಲ್ಲ. "ಮಾರನೇ ದಿನ ನಲ್ಲಿ ಹತ್ರ ಎಲ್ಲರಿಗೂ ಗೊತ್ತಾಗಿರುತ್ತೆ."

"ಒಳಗಿನ ಮಾತು ಹೊರಗೆ ಹೇಳೋ ಹಾಗಿಲ್ಲ ಅವರು."

"ಹೇಳೋ ಹಾಗಿಲ್ಲ ಅಂದಮೇಲೇ ಅಲ್ವಾ ಜನ ಹೇಳೋದು."

ಜೇಬಿ ಎದ್ದು ನಿಂತಳು. "ಅತ್ತೆ, ನಾನು ಹೋಗ್ತೀನಿ. ನನ್ನ ಕೈ ನನಗೆ ವಾಪಸ್ ಬೇಕು."

ಅತ್ತೆ ಅವಳ ಮುಖ ನೋಡಿದರು. ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದರು. "ನಾನೂ ಬರ್ತೀನಿ. ಹೊರಗೆ ಕೂತಿರ್ತೀನಿ."

ಆ ಆಸ್ಪತ್ರೆಯ ಕೋಣೆಯಲ್ಲಿ ಮೂರು ಕುರ್ಚಿ, ಒಂದು ಕಿಟಕಿ, ಅಷ್ಟೆ. ಆಪ್ತಸಮಾಲೋಚಕಿ ಒಂದು ಕಡೆ. ದಪ್ಪ ಕನ್ನಡಕದ ದುಭಾಷಿ ಇನ್ನೊಂದು ಕಡೆ. ಜೇಬಿ ಕೂರುವ ಮೊದಲೇ ಕೇಳಿದಳು: "ನಾನು ಹೇಳಿದ್ದು ಯಾರಿಗೆ ಹೋಗುತ್ತೆ?"

"ಈ ಬಾಗಿಲು ದಾಟಲ್ಲ. ಯಾರದಾದರೂ ಜೀವಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ಬೇರೆಯವರ ಸಹಾಯ ಕೇಳ್ತೀವಿ. ಅದನ್ನೂ ನಿಮಗೆ ಹೇಳಿಯೇ," ಎಂದರು ಸಮಾಲೋಚಕಿ.

ಆಗ ಜೇಬಿ ಕೂತು ಹೇಳತೊಡಗಿದಳು.

ಹೊರಟ ದಿನ ಎಲ್ಲರ ಕಾಗದಗಳೂ ಗಂಡನ ಅಂಗಿ ಜೇಬಿನಲ್ಲಿದ್ದವು. ಜೇಬಿನ ಬಾಯಿ ಹೊಲಿದುಬಿಡು ಅಂದಿದ್ದ. ಆತುರದಲ್ಲಿ ಅವಳು ಹೊಲಿಯಲಿಲ್ಲ. ಗಡಿಯ ಹತ್ತಿರ ತಾಯಿಯನ್ನು ಲಾರಿಗೆ ಎತ್ತಿ ಕೂರಿಸಲು ಅವನು ಬಗ್ಗಿದಾಗ ಕಾಗದಗಳು ಉದುರಿ, ಗಾಳಿಗೆ ಹಾರಿದವು. ಹೆಕ್ಕಲು ಓಡಿದ. ಲಾರಿ ಹೊರಟುಬಿಟ್ಟಿತು.

"ಎರಡು ನಿಮಿಷದ ಹೊಲಿಗೆ. ನಾನು ಹಾಕಲಿಲ್ಲ."

ದುಭಾಷಿ ಒಂದು ಪದ ಬಿಡದೆ, ಒಂದು ಪದ ಸೇರಿಸದೆ ಅದನ್ನು ದಾಟಿಸಿದಳು. ಸಮಾಲೋಚಕಿ ಹೇಳಿದರು: "ಯುದ್ಧ ತಂದವರು ನೀವಲ್ಲ, ಲಾರಿ ಓಡಿಸಿದ್ದೂ ನೀವಲ್ಲ. ಆದರೆ ನಿಮ್ಮ ಕೈ ಆ ಎರಡು ನಿಮಿಷದ ಕೆಲಸ ಮುಗಿಸೋಕೆ ಇನ್ನೂ ಒದ್ದಾಡ್ತಿದೆ. ಇದಕ್ಕೆ ದಾರಿ ಇದೆ. ಒಂದೇ ದಿನಕ್ಕೆ ಆಗಲ್ಲ. ವಾರಕ್ಕೊಮ್ಮೆ ಬನ್ನಿ."

ಎಂಟು ತಿಂಗಳಲ್ಲಿ ಮೊದಲ ಸಲ ಜೇಬಿ ಅತ್ತಳು.

ಹೊರಗೆ ಬರುತ್ತಿದ್ದಂತೆ ಅತ್ತೆ ದುಭಾಷಿಯನ್ನು ಅಡ್ಡಹಾಕಿದರು. "ಏನಂದ್ಲು ನನ್ನ ಸೊಸೆ?"

"ಕಿಟಕಿ ಚೆನ್ನಾಗಿದೆ ಅಂದ್ರು ಅಮ್ಮಾ."

"ನಾನು ಅವಳ ಅತ್ತೆ ಕಣೇ."

"ಅತ್ತೆಗೂ ಕಿಟಕಿ ಚೆನ್ನಾಗಿದೆ ಅಂತಲೇ ಹೇಳೋದು."

ಮುಂದಿನ ವಾರ ಮೆಟ್ಟಿಲ ಮೇಲೆ ಕೇಳಿದರು. ಅದರ ಮುಂದಿನ ವಾರ ಬಸ್ ನಿಲ್ದಾಣದವರೆಗೂ ಹಿಂದೆಯೇ ಹೋದರು. ದುಭಾಷಿ ಜಗ್ಗಲಿಲ್ಲ. ನಲ್ಲಿಯ ಹತ್ತಿರವೂ ಯಾರ ಬಾಯಲ್ಲೂ ಸೊಸೆಯ ಸುದ್ದಿ ಇರಲಿಲ್ಲ.

ನಾಲ್ಕನೆಯ ವಾರ ಘಟಕದಲ್ಲಿ ಜೇಬಿಯ ಕೈ ಮತ್ತೆ ನಾಲ್ಕನೆಯ ಬದಿಗೆ ಓಡಿತು. ಅವಳು ಪೆಡಲ್‌ನಿಂದ ಕಾಲು ತೆಗೆದಳು. ಸಮಾಲೋಚಕಿ ಹೇಳಿಕೊಟ್ಟಿದ್ದಂತೆ ನಿಧಾನವಾಗಿ ಉಸಿರು ಬಿಟ್ಟು, ದಾರ ಕತ್ತರಿಸಿದಳು. ಮೇಸ್ತ್ರಿ ಬಂದು ಆ ಅಂಗಿಯ ಜೇಬಿಗೆ ತನ್ನ ಪೆನ್ನು ಇಳಿಸಿ ನೋಡಿದ. ಪೆನ್ನು ಸಲೀಸಾಗಿ ಇಳಿಯಿತು. ಬೇರೆಯವರನ್ನು ಕೂರಿಸುವ ಮಾತು ಆಮೇಲೆ ಬರಲಿಲ್ಲ. ನಿದ್ದೆ ಇನ್ನೂ ಪೂರ್ತಿ ಬಂದಿಲ್ಲ, ಗಂಡನ ಸುದ್ದಿಯೂ ಬಂದಿಲ್ಲ. ಕೈ ಮಾತ್ರ ಅವಳದಾಗಿತ್ತು.

ಐದನೆಯ ವಾರ ಆಸ್ಪತ್ರೆಯಲ್ಲಿ ಹೆಸರು ಬರೆಸುವ ಮೇಜಿನ ಮುಂದೆ ಅತ್ತೆ ಸೊಸೆಯನ್ನು ಸರಿಸಿ ತಾವೇ ನಿಂತರು. "ನನ್ನ ಹೆಸರೂ ಬರ್ಕೊಳ್ಳಿ."

"ಮಂಡಿಗಾ ಅತ್ತೆ?"

"ಮಂಡಿಗಲ್ಲ." ಅತ್ತೆ ದುಭಾಷಿಯ ಕಡೆ ಗದ್ದ ಆಡಿಸಿ ತೋರಿಸಿದರು. "ಅವಳ ಬಾಯಿ ನೀನು ಹೊಲಿದ ಆ ಜೇಬಿನ ಹಾಗೆ, ನಾಲ್ಕೂ ಬದಿ ಭದ್ರ. ನನ್ನ ಮಗ ಆವತ್ತು ಬಗ್ಗಿದ್ದು ನನ್ನನ್ನ ಎತ್ತೋಕೆ. ಅದರದ್ದು ನನ್ನದೂ ಒಂದು ಮಾತಿದೆ. ಈ ಸಲ ನೀನು ಹೊರಗೆ ಕೂತಿರು."

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕ, ತಂಗಿ, ನಿಮ್ಮೊಳಗೂ ಹೀಗೊಂದು ಮಾತು ಸಿಕ್ಕಿಕೊಂಡಿರಬಹುದು. ಮನೆಯವರ ಮುಂದೆ ಹೇಳಲಾಗದಿದ್ದರೆ ಅದು ನಿಮ್ಮ ತಪ್ಪಲ್ಲ. ಆಸ್ಪತ್ರೆಯಲ್ಲಿ ಬೇರೆ ದುಭಾಷಿಯನ್ನು ಕೇಳಿ, ಹೆಂಗಸೇ ಬೇಕೆಂದರೆ ಹಾಗೆಂದೇ ಕೇಳಿ. ಹೇಳಿದ್ದು ಯಾರಿಗೆ ಹೋಗುತ್ತದೆ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಒಂದು ಕಡೆ ಇಲ್ಲ ಅಂದರೆ ನಿಮ್ಮ ಬೀದಿಯ ಆರೋಗ್ಯ ಕಾರ್ಯಕರ್ತೆಯನ್ನು ಹಿಡಿದು ಇನ್ನೊಂದು ಕಡೆ ಕೇಳಿ. ಬದುಕೇ ಬೇಡ ಅನ್ನಿಸಿದರೆ ವಾರ ಕಾಯಬೇಡಿ. ಆ ಗಳಿಗೆಯಲ್ಲೇ ಹತ್ತಿರದವರಿಗೆ ಹೇಳಿ ಆಸ್ಪತ್ರೆಗೆ ಹೊರಡಿ. ಪಕ್ಕದ ಮಿಷನ್ನಿನಲ್ಲಿ ಕೂತವಳ ಕೈ ತಪ್ಪುತ್ತಿದ್ದರೆ, ನಗುವ ಮೊದಲು ನಿದ್ದೆ ಬರುತ್ತದೆಯೇ ಎಂದು ಒಮ್ಮೆ ಅವಳನ್ನು ಕೇಳಿ.